ಬೆಂಚಿನ ಮೇಲಿದೆ, ಸಿಲೆಬಸ್ಸಿನಲ್ಲಿಲ್ಲ



ಸ್ನಾತಕೋತ್ತರ ಗ್ರಂಥಾಲಯ ಶಿಕ್ಷಣದಲ್ಲಿ ವೈವಿಧ್ಯವನ್ನು ಕಲಿಸುವುದು ಹೇಗೆ ಎಂಬುದು ಅಧ್ಯಕ್ಷತೆ ವಹಿಸಲು ಕರೆದಾಗ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗಗಳ ಅಧ್ಯಾಪಕರಾದ ನೀವು ಕೊಟ್ಟ ವಿಷಯ. ತಕರಾರು ನಮ್ಮ ಶಾಸ್ತ್ರದ ವಂಶಾವಳಿಯಲ್ಲೇ ಇರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಮೊದಲ ಗ್ರಂಥಾಲಯ ಶಾಲೆ ತೆರೆದ. ಆಡಳಿತದವರು ಬೇಡವೆಂದರೂ ಹೆಂಗಸರನ್ನು ಸೇರಿಸಿಕೊಂಡ. ಮೊದಲ ತಂಡದಲ್ಲಿ ಹೆಚ್ಚಿನವರು ಅವರೇ. ಅದೇ ಮನುಷ್ಯ ಕಟ್ಟಿ ನಡೆಸಿದ ಲೇಕ್ ಪ್ಲ್ಯಾಸಿಡ್ ಕ್ಲಬ್ಬಿನಲ್ಲಿ ಯಹೂದಿಗಳಿಗೆ ಪ್ರವೇಶವಿರಲಿಲ್ಲ. ಒಂದು ಬಾಗಿಲು ತೆರೆದವನೇ ಇನ್ನೊಂದಕ್ಕೆ ಅಗುಳಿ ಹಾಕಿದ್ದ. ಅವನ ಹೆಸರಿನಲ್ಲಿ ಕೊಡುತ್ತಿದ್ದ ಪದಕದಿಂದ ಆ ಹೆಸರನ್ನು ತೆಗೆಯಲು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ನಿರ್ಣಯಿಸಿದ್ದು 2019ರಲ್ಲಿ. ಡ್ಯೂಯಿಯ ಶಿಷ್ಯ ಏಸಾ ಡಾನ್ ಡಿಕಿನ್‌ಸನ್ 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ಶಾಸ್ತ್ರದ ಪಾಠ ಹೇಳಿದ. ಹಾಗೆ ನೋಡಿದರೆ ನಾವೂ ಆ ಮನೆತನದವರೇ. ರಂಗನಾಥನ್ ಬೇರೆ ದಾರಿ ಹಾಕಿಕೊಟ್ಟರು, 1962ರಲ್ಲಿ ಬೆಂಗಳೂರಿನಲ್ಲೇ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್ (ಡಿ.ಆರ್.ಟಿ.ಸಿ.) ಸ್ಥಾಪಿಸಿದರು. ಅವರ ಕೋಲನ್ ವರ್ಗೀಕರಣವನ್ನು ಪರೀಕ್ಷೆಗೆ ಓದುತ್ತೇವೆ, ಕೆಲಸಕ್ಕೆ ಸೇರಿದ ಮೇಲೆ ಡ್ಯೂಯಿಯ ದಶಮಾಂಶ ವರ್ಗೀಕರಣದ ನಂಬರು ಹಾಕುತ್ತೇವೆ.

ಅಮೆರಿಕದ ಗ್ರಂಥಾಲಯ ಶಾಲೆಗಳ ಚಿಂತೆ ಮುಖ್ಯವಾಗಿ ತರಗತಿಯಲ್ಲಿ ಯಾರು ಕೂತಿದ್ದಾರೆ ಎಂಬುದು. ವೃತ್ತಿಯಲ್ಲಿ ಬಿಳಿಯರೇ ತುಂಬಿದ್ದರು. ಅದಕ್ಕೇ 1997ರಲ್ಲಿ ಬಿಳಿಯರಲ್ಲದವರಿಗಾಗಿ ಸ್ಪೆಕ್ಟ್ರಮ್ ವಿದ್ಯಾರ್ಥಿವೇತನ ಬಂತು. ನಮ್ಮ ಕಷ್ಟ ತಿರುಗುಮುರುಗು. ಮೀಸಲಾತಿಯ ದೆಸೆಯಿಂದ ನಮ್ಮ ಬೆಂಚುಗಳ ಮೇಲೆ ಊರೂ ಇದೆ, ಕೇರಿಯೂ ಇದೆ, ತಾಂಡಾದಿಂದ ಬಂದ ಹುಡುಗಿಯೂ ಇದ್ದಾಳೆ. ಸಿಲೆಬಸ್ಸಿನಲ್ಲಿ ಅವರು ಯಾರೂ ಇಲ್ಲ. ಇದನ್ನು ಸರಿಪಡಿಸಲು ನಾಲ್ಕನೇ ಸೆಮಿಸ್ಟರಿಗೆ 'ವೈವಿಧ್ಯ' ಎಂದು ಒಂದು ಐಚ್ಛಿಕ ಪತ್ರಿಕೆ ಸೇರಿಸೋಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಐಚ್ಛಿಕ ಪತ್ರಿಕೆಯ ಹಣೆಬರಹ ನಮಗೆಲ್ಲ ಗೊತ್ತು: ಎರಡು ನೋಟ್ಸು, ಒಂದು ಅಸೈನ್‌ಮೆಂಟು. ವರ್ಗೀಕರಣದ ಪ್ರಾಕ್ಟಿಕಲ್ಲಿನಲ್ಲೇ ಇದನ್ನು ಕಲಿಸಬೇಕು.

ಡ್ಯೂಯಿಯ 200ನೇ ವರ್ಗವನ್ನೇ ತೆಗೆದುಕೊಳ್ಳಿ. 220ರಿಂದ 280ರ ತನಕ ಬೈಬಲ್ ಮತ್ತು ಕ್ರೈಸ್ತಧರ್ಮ. ಉಳಿದ ಲೋಕದ ದೇವರುಗಳೆಲ್ಲ 290ರಲ್ಲಿ ಒತ್ತಿಕೊಂಡು ಕೂರಬೇಕು. ಬೌದ್ಧಕ್ಕೆ 294.3, ಜೈನಕ್ಕೆ 294.4, ಹಿಂದೂಧರ್ಮಕ್ಕೆ 294.5, ಇಸ್ಲಾಮಿಗೆ 297. ನಮ್ಮ ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಹೀಗೇಕೆ ಎಂದು ಕೇಳಿದರೆ ಅಂಕ ಸಿಗುವುದಿಲ್ಲವಲ್ಲ!

ಕೇಳಿದವಳೊಬ್ಬಳಿದ್ದಳು. ವಾಷಿಂಗ್ಟನ್ನಿನ ಹಾವರ್ಡ್ ವಿಶ್ವವಿದ್ಯಾಲಯದಲ್ಲಿ 1930ರಿಂದ ನಾಲ್ಕು ದಶಕ ದುಡಿದ ಗ್ರಂಥಪಾಲಕಿ ಡೊರೊಥಿ ಪೋರ್ಟರ್. ಆಗ ಬೇರೆ ಗ್ರಂಥಾಲಯಗಳಲ್ಲಿ ಕರಿಯ ಲೇಖಕರು ಏನು ಬರೆದರೂ ವಲಸೆ-ವಸಾಹತಿನ 325ಕ್ಕೋ ಗುಲಾಮಗಿರಿಯ 326ಕ್ಕೋ ಹೋಗುತ್ತಿತ್ತು. ಜೇಮ್ಸ್ ವೆಲ್ಡನ್ ಜಾನ್ಸನ್ನನ ಕವಿತೆಗಳಿಗೂ ಅದೇ ಗತಿ. ಪೋರ್ಟರ್ ಕವಿತೆಯನ್ನು ಕವಿತೆಯ ಪಕ್ಕ, ಇತಿಹಾಸವನ್ನು ಇತಿಹಾಸದ ಪಕ್ಕ ಇಟ್ಟಳು.

ಇದನ್ನು ಕೇಳಿ ತಲೆದೂಗುವ ನಾವು ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಕೈಗೆ ಬಂದಾಗ ಏನು ಮಾಡುತ್ತೇವೆ? ಹೆಸರುಪುಟ ನೋಡಿ ನಂಬರು ಹಾಕುವ ಅಭ್ಯಾಸದ ಹುಡುಗ ಅದನ್ನು ಬ್ರಾಹ್ಮಣರ ಪುಸ್ತಕಗಳ ಜೊತೆ ಇಟ್ಟುಬಿಟ್ಟಾನು. ಒಳಗೆ ತೆರೆದು ನೋಡಿದವನಿಗೆ ದಲಿತ ಆತ್ಮಕಥೆ ಎಂದು ತಿಳಿಯುತ್ತದೆ. ಕಷ್ಟ ಶುರುವಾಗುವುದೇ ಆಗ. 305.5ರ ಕೆಳಗೆ ಸಾಮಾಜಿಕ ವರ್ಗಗಳಲ್ಲಿ ಇಟ್ಟರೆ ಸಮಾಜಶಾಸ್ತ್ರದವರು ಹುಡುಕಿಕೊಂಡು ಬರುತ್ತಾರೆ, ಆದರೆ ಮಾಲಗತ್ತಿಯವರು ಸಾಹಿತಿಯಲ್ಲ, ಬರೀ ಸಾಕ್ಷಿ ಎಂದಾಗುತ್ತದೆ. 920ರ ಜೀವನಚರಿತ್ರೆಗಳಲ್ಲಿ ಇಟ್ಟರೆ ರಾಜಕಾರಣಿಗಳ ನಡುವೆ ಕಳೆದುಹೋಗುತ್ತದೆ. 894.814ರಲ್ಲಿ, ಕನ್ನಡ ಸಾಹಿತ್ಯದ ಸಾಲಿನಲ್ಲಿ ಇಟ್ಟರೆ ಮರ್ಯಾದೆಯೇನೋ ಸಿಗುತ್ತದೆ, ಜಾತಿಯ ಬಗ್ಗೆ ಓದಲು ಬಂದವನಿಗೆ ಪುಸ್ತಕ ಕಾಣುವುದಿಲ್ಲ. ನನ್ನ ಮತ ಸಾಹಿತ್ಯದ ಕಡೆಗೆ. ಜಾತಿಯ ಸುಳಿವನ್ನು ವಿಷಯ ಶೀರ್ಷಿಕೆಯಲ್ಲಿ ಕೊಡಬಹುದು. ನೀವು ಬೇರೆ ಹೇಳಬಹುದು. ಆ ಜಗಳ ತರಗತಿಯಲ್ಲಿ ಒಂದು ಗಂಟೆ ನಡೆಯಲಿ. ಅಂಕ ಕೊಡುವುದಾದರೆ ಆ ವಾದಕ್ಕೆ ಕೊಡಿ.

ಸೂಚೀಕರಣದಲ್ಲೂ ಇದೇ ಕಥೆ. ಲೇಖಕ ದೇವನೂರ ಮಹಾದೇವರ ಹೆಸರಿನಲ್ಲಿ ದೇವನೂರು ಊರು. 'ಸರ್‌ನೇಮ್' ಎಲ್ಲಿದೆ ಎಂದು ಹುಡುಕುವ ವಿದ್ಯಾರ್ಥಿಗೆ ನಿಯಮದ ಪುಸ್ತಕಕ್ಕಿಂತ ಅವನ ಅಜ್ಜಿ ಚೆನ್ನಾಗಿ ಉತ್ತರ ಹೇಳುತ್ತಾಳೆ.

ಇನ್ನೊಂದು ಮಾತಿದೆ, ಅದಕ್ಕೆ ಸಿದ್ಧಾಂತವೇನೂ ಬೇಡ. ದೃಷ್ಟಿ ಇಲ್ಲದವರಿಗೆ ಪುಸ್ತಕ ಮುಟ್ಟಿಸುವ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ನಮ್ಮದು. ಅದಕ್ಕೂ ಮೊದಲೇ, 2012ರಲ್ಲಿ, ಇದಕ್ಕೆ ಅನುವಾಗುವಂತೆ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿತ್ತು. ಈಗ ನಮ್ಮ ವಿಭಾಗದ ಕಂಪ್ಯೂಟರ್ ಲ್ಯಾಬಿಗೆ ಬನ್ನಿ. ಹಳೆಯ 'ನುಡಿ' ತಂತ್ರಾಂಶದ ಎನ್‌ಕೋಡಿಂಗಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಕನ್ನಡ ಪ್ರಬಂಧವೊಂದನ್ನು ತೆರೆದು, ಸ್ಕ್ರೀನ್ ರೀಡರ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಕಣ್ಣಿಗೆ ಮುದ್ದಾದ ಕನ್ನಡ, ಕಿವಿಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೊಣಗಾಟ. ಯೂನಿಕೋಡ್ ಯಾಕೆ ಬೇಕು ಎಂಬುದು ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಡಿಜಿಟಲ್ ಲೈಬ್ರರಿ ಪತ್ರಿಕೆಯ ಮೊದಲ ಪ್ರಾಕ್ಟಿಕಲ್ ಇದೇ ಆಗಲಿ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ನಮ್ಮ ಇಂಟರ್ನ್‌ಶಿಪ್ ಮಾತ್ರ ಇನ್ನೂ ಎ.ಸಿ. ಇರುವ ಕಾಲೇಜು ಗ್ರಂಥಾಲಯವನ್ನೇ ಹುಡುಕುತ್ತದೆ. ಅದರಲ್ಲಿ ಎರಡು ವಾರವನ್ನಾದರೂ ಅರಿವು ಕೇಂದ್ರಗಳಿಗೆ ಕೊಡೋಣ.

ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದು ಕೆಲಸ ಮುಗಿಸೋಣ ಎಂದು ಕೇಳಿಕೊಳ್ಳುತ್ತೇನೆ. ಪ್ರಾಕ್ಟಿಕಲ್ ಪರೀಕ್ಷೆಗೆ ಎಷ್ಟೋ ವರ್ಷದಿಂದ ತಿರುಗುತ್ತಿರುವ ಇಂಗ್ಲಿಷ್ ಹೆಸರುಪುಟಗಳ ಜೊತೆಗೆ ಪ್ರತಿ ವಿಭಾಗವೂ ತನ್ನ ಸುತ್ತಲಿನ ಹತ್ತು ಹೆಸರುಪುಟ ತರಲಿ: ದಲಿತ ಸಂಘಟನೆಯ ಹಾಡಿನ ಪುಸ್ತಿಕೆ, ತುಳು ನಾಟಕ, ಬ್ಯಾರಿ ಕಥಾಸಂಕಲನ, ಜಾತ್ರೆಯಲ್ಲಿ ಮಾರುವ ಲಾವಣಿ. ಪ್ರಕಾಶಕರ ಹೆಸರಿಲ್ಲದ, ಇಸವಿಯಿಲ್ಲದ, ಐಎಸ್‌ಬಿಎನ್ ಕಾಣದ ಪುಸ್ತಕಗಳಾದರೆ ಇನ್ನೂ ಒಳ್ಳೆಯದು. ನಕಲು ಪ್ರತಿ ಮಾಡಿಸುವ ಖರ್ಚನ್ನು ಸಂಘದ ಖಾತೆಯಿಂದ ಕೊಡಲು ಕಾರ್ಯದರ್ಶಿಗಳು ಒಪ್ಪಿದ್ದಾರೆ.