ಎರಡನೆಯದು ಬಂದ ಮೇಲೆ ಮೊದಲನೆಯದು

(ಉಪನ್ಯಾಸವೊಂದರ ಬರಹ ರೂಪ)



ಈ ಸಭೆಯಲ್ಲಿ ಕುಳಿತವರ ಪೈಕಿ ಹಲವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಕ್ಕಳನ್ನು ನೋಡಿಕೊಂಡು ಬಂದವರಿದ್ದೀರಿ. ನಿಮಗೆ ಒಂದು ಅನುಭವ ಆಗಿರಲೇಬೇಕು. ದೊಡ್ಡ ವಿಮಾನದ ಬಾಗಿಲಲ್ಲಿ ಗಗನಸಖಿಗೆ ಪ್ರತಿನಮಸ್ಕಾರ ಹೇಳಿ ಒಳಗೆ ಕಾಲಿಟ್ಟರೆ ಎಷ್ಟೋ ಸಲ ಮೊದಲು ಕಾಣುವುದು ನಮ್ಮ ಸೀಟಲ್ಲ. ಮಂಚವಾಗಬಲ್ಲ ಅಗಲವಾದ ಕುರ್ಚಿಗಳು, ಅವುಗಳಲ್ಲಿ ಆಗಲೇ ಕುಳಿತು ಹಣ್ಣಿನ ರಸ ಕುಡಿಯುತ್ತಿರುವ ನಾಲ್ಕಾರು ಮಂದಿ. ಅವರು ನಮ್ಮನ್ನು ನೋಡುವುದಿಲ್ಲ. ನಾವು ಅವರನ್ನು ನೋಡಿಯೂ ನೋಡದಂತೆ, ಹೆಗಲ ಚೀಲ ಯಾರ ತಲೆಗೂ ತಾಗದ ಹಾಗೆ ಹಿಂದಕ್ಕೆ ನಡೆಯುತ್ತೇವೆ. ನಮ್ಮ ಸಾಲು ಸಿಕ್ಕಿ, ಮೊಣಕಾಲು ಮಡಚಿ ಕುಳಿತ ಸ್ವಲ್ಪ ಹೊತ್ತಿಗೆ ಮುಂದೆ ಒಂದು ಪರದೆ ಎಳೆಯುತ್ತಾರೆ.

ಆ ಪರದೆಯ ಬಗ್ಗೆ ಇವತ್ತು ನಾಲ್ಕು ಮಾತು. ಪರದೆಯ ಆಚೆ ಪ್ರಥಮ ದರ್ಜೆಯಲ್ಲಿ ಕುಳಿತವರು ಕೊಟ್ಟಿರುವುದು ನಮ್ಮ ಟಿಕೆಟ್ಟಿನ ಹಲವು ಪಟ್ಟು ಹಣ. ಅಷ್ಟು ಕೊಟ್ಟು ಅವರು ಕೊಂಡದ್ದಾದರೂ ಏನನ್ನು?

ದುಡ್ಡಿಗೆ ಸಿಗದ ಮೂರು

ಕಾಲವನ್ನಂತೂ ಅವರು ಕೊಳ್ಳಲಿಲ್ಲ. ಮುಂದಿನ ಸಾಲು, ಹಿಂದಿನ ಸಾಲು ಎರಡೂ ನೆಲ ಮುಟ್ಟುವುದು ಒಂದೇ ನಿಮಿಷದಲ್ಲಿ. ದುಡ್ಡು ಕೊಟ್ಟು ಕಾಲವನ್ನೇ ಕೊಳ್ಳಲು ಹೊರಟವರಿಗೆ 1976ರಿಂದ 2003ರವರೆಗೆ ಕಾಂಕಾರ್ಡ್ ಎಂಬ ವಿಮಾನವಿತ್ತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಮೂರೂವರೆ ಗಂಟೆ. ಸುಮಾರು 100 ಸೀಟು, ಒಂದೇ ದರ್ಜೆ. ಜಗತ್ತಿನ ಅತಿ ದುಬಾರಿ ಟಿಕೆಟ್ಟುಗಳಲ್ಲಿ ಒಂದನ್ನು ಕೊಂಡವರು ಅಲ್ಲಿ ಇಕ್ಕಟ್ಟಾದ ಸೀಟಿನಲ್ಲೇ ಕುಳಿತು ಹೋಗುತ್ತಿದ್ದರು.

ಗಾಳಿಯನ್ನೂ ಕೊಳ್ಳಲಿಲ್ಲ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,330 ಅಡಿ. ಅಂದರೆ ಮಂಚದ ಮೇಲೆ ಮಲಗಿದವರೂ ಮೊಣಕಾಲು ಮಡಚಿದವರೂ ಒಟ್ಟಿಗೇ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, ಕೆಲವೊಮ್ಮೆ ಅದಕ್ಕಿಂತ ಎತ್ತರದಲ್ಲಿ, ರಾತ್ರಿ ಕಳೆಯುತ್ತಾರೆ. ತುಟಿ ಒಡೆಯುವ ಒಣಗಾಳಿ ಇಬ್ಬರಿಗೂ ಒಂದೇ.

ರುಚಿಯೂ ಅಷ್ಟೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಲುಫ್ತಾನ್ಸಾ ಕಂಪನಿಗಾಗಿ 2010ರ ಸುಮಾರಿಗೆ ನಡೆಸಿದ ಪರೀಕ್ಷೆಯಲ್ಲಿ, ಕಡಿಮೆ ಒತ್ತಡದ ಒಣಗಾಳಿಯಲ್ಲಿ ನಾಲಿಗೆಗೆ ಉಪ್ಪು ಮತ್ತು ಸಿಹಿ ಗಣನೀಯವಾಗಿ ಕಡಿಮೆ ಗೊತ್ತಾಗುತ್ತದೆ ಎಂದು ಕಂಡುಬಂತು. ಪಿಂಗಾಣಿ ತಟ್ಟೆಯಲ್ಲಿ ಬಡಿಸಿದ ಮಾತ್ರಕ್ಕೆ ನಾಲಿಗೆ ಚುರುಕಾಗುವುದಿಲ್ಲ.

ಹಾಗಾದರೆ ಉಳಿಯುವುದು ಜಾಗ, ನಿದ್ದೆ ಮತ್ತು ಆ ಪರದೆ. ಇವುಗಳಲ್ಲಿ ಪರದೆಯ ಕಥೆಯೇ ಸ್ವಾರಸ್ಯದ್ದು.

ಎಲ್ಲರೂ ಮೊದಲಿಗರಾಗಿದ್ದಾಗ

ಪ್ರಥಮ ದರ್ಜೆ ಎಂಬುದು ವಿಮಾನದಷ್ಟೇ ಹಳೆಯದು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ದೂರದೇಶಗಳಿಗೆ ವಿಮಾನ ಓಡಾಡತೊಡಗಿದ ಮೊದಲ ದಶಕಗಳಲ್ಲಿ ಬಹುಮಟ್ಟಿಗೆ ದರ್ಜೆಗಳೇ ಇರಲಿಲ್ಲ. 1939ರ ಜೂನ್‌ನಲ್ಲಿ ಪ್ಯಾನ್ ಅಮೆರಿಕನ್ ಕಂಪನಿ ನೀರಿನ ಮೇಲೆ ಇಳಿಯುವ ದೊಡ್ಡ ಬೋಯಿಂಗ್ 314 ವಿಮಾನಗಳಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ಪ್ರಯಾಣಿಕರನ್ನು ಒಯ್ಯತೊಡಗಿತು. ನ್ಯೂಯಾರ್ಕಿನಿಂದ ಫ್ರಾನ್ಸಿಗೆ ಒಂದು ಕಡೆಯ ದರ 375 ಡಾಲರ್. ಊಟಕ್ಕೆ ಮೇಜು ಹಾಸುವ ಪ್ರತ್ಯೇಕ ಕೋಣೆ, ರಾತ್ರಿ ರೈಲಿನಂತೆ ಮಲಗಲು ಹಲಗೆ, ಬಾಲದ ಕಡೆ ನವದಂಪತಿಗಳಿಗೊಂದು ಕೋಣೆ. ಇಷ್ಟೆಲ್ಲ ಇದ್ದರೂ ಅದನ್ನು ಯಾರೂ ಪ್ರಥಮ ದರ್ಜೆ ಎಂದು ಮಾರಲಿಲ್ಲ. ದ್ವಿತೀಯ ಎಂಬುದೇ ಇಲ್ಲದಿದ್ದಾಗ ಪ್ರಥಮಕ್ಕೆ ಅರ್ಥವೇನು? ಪರದೆ ವಿಮಾನದ ಒಳಗಿರಲಿಲ್ಲ, ಹೊರಗಿತ್ತು. ಹತ್ತಲು ಶಕ್ತಿಯಿದ್ದವರು ಒಳಗೆ, ಮಿಕ್ಕ ಜಗತ್ತೆಲ್ಲ ಹೊರಗೆ.

ನಮ್ಮಲ್ಲೂ ಅದೇ ಕಾಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದರು. ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆಗ ಬಳ್ಳಾರಿಯಲ್ಲಿ ಇಳಿದ ಆ ಪುಟ್ಟ ವಿಮಾನದ ಮಾನ್ಯ ಪ್ರಯಾಣಿಕರೆಂದರೆ ಅಂಚೆ ಚೀಲಗಳು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಾಗ ಅದರಲ್ಲಿ 35 ಮಂದಿ ಇದ್ದರು. ಅಂಥ ಪ್ರಯಾಣ ಆಗ ಸಾಮಾನ್ಯರ ಕೈಗೆಟುಕುವ ಮಾತಾಗಿರಲಿಲ್ಲ.

ಬದಲಾವಣೆ ಬಂದದ್ದು 1952ರ ಮೇ 1ರಂದು. ಅಟ್ಲಾಂಟಿಕ್ ಮಾರ್ಗದಲ್ಲಿ ಅಂದಿನಿಂದ ‘ಟೂರಿಸ್ಟ್ ದರ್ಜೆ’ ಶುರುವಾಯಿತು. ನ್ಯೂಯಾರ್ಕ್–ಲಂಡನ್ ಹಳೆಯ ದರ 395 ಡಾಲರ್; ಹೊಸ ದರ್ಜೆಗೆ 270. ಸೀಟುಗಳನ್ನು ಒತ್ತೊತ್ತಾಗಿ ಜೋಡಿಸಿದರು, ಊಟವನ್ನು ಸರಳಗೊಳಿಸಿದರು. ಮೊದಲಿನಿಂದ ಇದ್ದದ್ದಕ್ಕೆ ಆಗ ಒಂದು ಹೆಸರು ಬೇಕಾಯಿತು. ಹಡಗು, ರೈಲುಗಳಲ್ಲಿ ಬಳಕೆಯಲ್ಲಿದ್ದ ‘ಪ್ರಥಮ ದರ್ಜೆ’ ಎಂಬ ಮಾತು ಅಲ್ಲಿ ಬಂದು ಕೂತಿತು. ತಮ್ಮ ಹುಟ್ಟಿದ ಮೇಲೆಯೇ ಅಲ್ಲವೇ ಮನೆಯ ಮಗ ಅಣ್ಣನಾಗುವುದು!

ಆಗಿನ್ನೂ ಮುಂಭಾಗವೇ ಶ್ರೇಷ್ಠ ಎಂಬ ನಂಬಿಕೆ ಇರಲಿಲ್ಲ ಎಂಬುದನ್ನೂ ಗಮನಿಸಿ. ಪ್ರೊಪೆಲ್ಲರ್ ವಿಮಾನಗಳ ಸದ್ದು ಮುಂದೆ ಹೆಚ್ಚು, ಹಿಂದೆ ಕಡಿಮೆ. ಆದ್ದರಿಂದ ಅಂಥ ಹಲವು ವಿಮಾನಗಳಲ್ಲಿ ಹೆಚ್ಚು ಹಣ ಕೊಟ್ಟವರು ಹಿಂದೆ ಕೂರುತ್ತಿದ್ದರು. ಜೆಟ್ ಬಂದ ಮೇಲೆ ಸದ್ದು ಹಿಂದಕ್ಕೆ ಹೋಯಿತು, ಅದರ ಜೊತೆಗೆ ನಾವೂ.

ಬ್ರೆಡ್ಡಿನ ಜಗಳ

1958ರಲ್ಲಿ ಇನ್ನೂ ಅಗ್ಗದ ‘ಎಕಾನಮಿ’ ದರ್ಜೆ ಬಂತು. ಅದರ ಹಿಂದೆಯೇ ಒಂದು ವಿಚಿತ್ರ ವ್ಯಾಜ್ಯ. ದರಗಳನ್ನು ಗೊತ್ತುಪಡಿಸುತ್ತಿದ್ದ ವಿಮಾನ ಕಂಪನಿಗಳ ಒಕ್ಕೂಟವು ಈ ದರ್ಜೆಯವರಿಗೆ ಬಿಸಿ ಊಟ ಕೊಡಕೂಡದು, ಸ್ಯಾಂಡ್‌ವಿಚ್ ಮಾತ್ರ ಕೊಡಬೇಕು ಎಂದು ನಿಯಮ ಮಾಡಿತ್ತು. ಸ್ಕ್ಯಾಂಡಿನೇವಿಯದ ಎಸ್.ಎ.ಎಸ್. ಕಂಪನಿ ತನ್ನ ನಾಡಿನ ಪದ್ಧತಿಯಂತೆ ಒಂದು ತುಂಡು ಬ್ರೆಡ್ಡಿನ ಮೇಲೆ ಮಾಂಸ, ಮೀನು, ತರಕಾರಿ ಪೇರಿಸಿ ಇದೂ ಸ್ಯಾಂಡ್‌ವಿಚ್ಚೇ ಎಂದಿತು. ಅದು ಸ್ಯಾಂಡ್‌ವಿಚ್ ಅಲ್ಲ, ಊಟ ಎಂದು ಪ್ಯಾನ್ ಅಮೆರಿಕನ್ ದೂರು ಕೊಟ್ಟಿತು. ಸ್ಯಾಂಡ್‌ವಿಚ್ ಎಂದರೇನು ಎಂಬುದರ ಮೇಲೆ ಗಂಭೀರ ಚರ್ಚೆ ನಡೆದು ಎಸ್.ಎ.ಎಸ್.ಗೆ 20,000 ಡಾಲರ್ ದಂಡ ಬಿತ್ತು.

ನಗು ಬರುತ್ತದೆ, ನಿಜ. ಆದರೆ ಒಂದು ಕ್ಷಣ ಯೋಚಿಸಿ. ಕಡಿಮೆ ಕೊಟ್ಟಿದ್ದಕ್ಕಲ್ಲ, ಪ್ರಯಾಣಿಕನಿಗೆ ಹೆಚ್ಚು ಬಡಿಸಿದ್ದಕ್ಕೆ ದಂಡ! ಇದರ ಒಳಗುಟ್ಟನ್ನು ಬಹಳ ಹಿಂದೆಯೇ ಕಂಡವನು ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ. ಮೂರನೆಯ ದರ್ಜೆಯ ರೈಲು ಡಬ್ಬಿಗಳಿಗೆ ಚಾವಣಿ ಯಾಕಿಲ್ಲ ಎಂಬ ಪ್ರಶ್ನೆಗೆ ಅವನು 1849ರಲ್ಲಿ ಕೊಟ್ಟ ವಿವರಣೆಯ ಸಾರ ಇದು: ಚಾವಣಿ ಹಾಕಿಸಲು ರೈಲು ಕಂಪನಿಗೆ ದುಡ್ಡಿಲ್ಲವೆಂದಲ್ಲ, ಬಡವರನ್ನು ಮಳೆಯಲ್ಲಿ ನೆನೆಸಬೇಕೆಂಬ ದ್ವೇಷವೂ ಅಲ್ಲ. ಎರಡನೆಯ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದಕ್ಕೆ ಇಳಿಯಬಾರದು, ಅಷ್ಟೆ. ಮೇಲಿನದನ್ನು ಮಾರಬೇಕಾದರೆ ಕೆಳಗಿನದು ಒಂದಿಷ್ಟು ನೋಯಬೇಕು. ನಾನು ಇವತ್ತು ಹೇಳಬೇಕೆಂದಿರುವ ಮಾತು ಇದೇ. ಪ್ರಥಮ ದರ್ಜೆಯ ಬೆಲೆ ಅದರ ಸುಖದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಪರದೆಯ ಈಚೆಗಿನ ಅನನುಕೂಲವೂ ಅದರಲ್ಲಿ ಸೇರಿದೆ.

ಆನೆಮರಿಯಿಂದ ಸ್ನಾನದ ಮನೆಯವರೆಗೆ

ಹೆಸರು ಬಂದ ಮೇಲೆ ವೈಭವ ಬೆಳೆಯಿತು. ಏರ್ ಇಂಡಿಯಾದ ಮಹಾರಾಜನನ್ನು ಬಲ್ಲಿರಿ. 1946ರಲ್ಲಿ ಬಾಬಿ ಕೂಕಾ ಮತ್ತು ಕಲಾವಿದ ಉಮೇಶ್ ರಾವ್ ಹುಟ್ಟಿಸಿದ ಮೀಸೆಯ ಆಸಾಮಿ. ರಾಜರ ರಾಜ್ಯಗಳು ಹೋಗುತ್ತಿದ್ದ ಹೊತ್ತಿನಲ್ಲಿ ಟಿಕೆಟ್ ಕೊಂಡ ಯಾರನ್ನಾದರೂ ರಾಜನಂತೆ ಕಾಣುತ್ತೇವೆ ಎಂಬ ಭರವಸೆ ಅದು. 1967ರಲ್ಲಿ ಈ ಕಂಪನಿ ಪ್ರಥಮ ದರ್ಜೆಯವರಿಗೆ ಉಡುಗೊರೆ ಕೊಡಲು ಪಿಂಗಾಣಿಯ ಆಶ್‌ಟ್ರೇಯೊಂದನ್ನು ಪ್ರಖ್ಯಾತ ಚಿತ್ರಕಾರ ಸಾಲ್ವಡೋರ್ ಡಾಲಿಯಿಂದ ರೂಪಿಸಿತು. ಹಂಸವನ್ನು ತಲೆಕೆಳಗು ಮಾಡಿದರೆ ಆನೆಯ ತಲೆ ಕಾಣುವ ಚಮತ್ಕಾರ ಅದರಲ್ಲಿತ್ತು. ಸಂಭಾವನೆಯಾಗಿ ಡಾಲಿ ಕೇಳಿದ್ದು ಒಂದು ಆನೆ. ಬೆಂಗಳೂರಿನ ಆನೆಮರಿಯೊಂದು ಮಾವುತನೊಂದಿಗೆ ವಿಮಾನವೇರಿ ಜಿನೀವಾ ಸೇರಿ, ಅಲ್ಲಿಂದ ಸ್ಪೇನಿನ ಕಡಲತೀರದಲ್ಲಿದ್ದ ಡಾಲಿಯ ಊರಿಗೆ ಹೋಯಿತು. ಸಿಗರೇಟಿನ ಬೂದಿ ಉದುರಿಸಲು ಆನೆಯಷ್ಟು ಖರ್ಚು!

1971ರಲ್ಲಿ ಏರ್ ಇಂಡಿಯಾದ ಮೊದಲ ಜಂಬೋ ‘ಎಂಪರರ್ ಅಶೋಕ’ ಬಂತು. ಕಿಟಕಿಗಳ ಸುತ್ತ ಜರೋಖಾದ ಚಿತ್ತಾರ, ಮೇಲಂತಸ್ತಿನಲ್ಲಿ ಪ್ರಥಮ ದರ್ಜೆಯವರು ಹರಟಲು ಕೊಠಡಿ. ಅದೇ ವಿಮಾನ 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಕಡಲಿಗೆ ಬಿದ್ದು 213 ಮಂದಿ ಸತ್ತರು. ಯಾವ ದರ್ಜೆಯವರೂ ಉಳಿಯಲಿಲ್ಲ.

ಅಷ್ಟರಲ್ಲಿ ಹೊಸ ಸ್ಪರ್ಧಿಯೊಂದು ತಲೆಯೆತ್ತಿತ್ತು. ಕೊನೆ ಗಳಿಗೆಯಲ್ಲಿ ಪೂರ್ತಿ ದರ ಕೊಟ್ಟು ಹೊರಡುವ ವ್ಯಾಪಾರಸ್ಥರು, ಅರ್ಧ ದರದ ಪ್ರವಾಸಿಗಳ ನಡುವೆ ಕೂರಲು ಗೊಣಗತೊಡಗಿದರು. 1978–79ರಲ್ಲಿ ಹಲವು ಕಂಪನಿಗಳು ಅವರಿಗೆಂದು ನಡುವೆ ಒಂದು ದರ್ಜೆ ತೆರೆದವು. ಅದೇ ‘ಬಿಸಿನೆಸ್ ಕ್ಲಾಸ್’. 1990ರ ದಶಕದ ನಡುವಿನಲ್ಲಿ ಬ್ರಿಟಿಷ್ ಏರ್‌ವೇಸ್ ಪ್ರಥಮ ದರ್ಜೆಗೆ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ತಂದಿತು; 2000ದಲ್ಲಿ ಅದೇ ಕಂಪನಿ ಬಿಸಿನೆಸ್ ದರ್ಜೆಗೂ ಅದನ್ನು ಕೊಟ್ಟಿತು. ದೂರ ಪ್ರಯಾಣದಲ್ಲಿ ದುಡ್ಡಿಗೆ ನಿಜವಾಗಿ ಸಿಗುವ ವಸ್ತುವೆಂದರೆ ನಿದ್ದೆ. ಅದು ಇನ್ನೂ ಕಡಿಮೆ ಬೆಲೆಗೆ ಸಿಕ್ಕ ಮೇಲೆ ಪ್ರಥಮ ದರ್ಜೆಗೆ ಕೆಲಸವೇನು?

ಕೆಲವರು ಅಂಗಡಿ ಮುಚ್ಚುವ ದಾರಿ ಹಿಡಿದರು. ದೂರದ ವಿದೇಶಿ ಮಾರ್ಗಗಳಲ್ಲಿ ಪ್ರಥಮ ದರ್ಜೆಯನ್ನು ಕೈಬಿಡುವುದಾಗಿ ಅಮೆರಿಕನ್ ಏರ್‌ಲೈನ್ಸ್ 2022ರಲ್ಲಿ ಹೇಳಿತು. ಇನ್ನು ಕೆಲವರು ಪರದೆಯನ್ನು ಗೋಡೆಯನ್ನಾಗಿ ಮಾಡಿದರು. ಸಿಂಗಪುರ ಏರ್‌ಲೈನ್ಸ್ 2007ರಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳನ್ನು ತಂದಿತು. ಎಮಿರೇಟ್ಸ್ 2008ರಲ್ಲಿ ಎ380 ವಿಮಾನದಲ್ಲಿ ಸ್ನಾನದ ಮನೆಯನ್ನೇ ಇಟ್ಟಿತು. ಒಬ್ಬರಿಗೆ ಐದು ನಿಮಿಷದ ನೀರು. 2022ರ ಅಕ್ಟೋಬರ್ 14ರಂದು ಅಂಥ ವಿಮಾನ ಬೆಂಗಳೂರಿಗೂ ಬಂತು. ಕೊಳವೆಬಾವಿಯ ನೀರಿಗೆ ಕೊಡ ಹಿಡಿದು ಕಾದವರ ದೇವನಹಳ್ಳಿ ಸೀಮೆಯಲ್ಲಿ, ಆಕಾಶದಲ್ಲಿ ಸ್ನಾನ ಮಾಡಿದವರು ಬಂದಿಳಿಯುವ ಕಾಲವೂ ಬಂತು.

ಕೇಳಬೇಕಾದ ಪ್ರಶ್ನೆ

ಇದರಲ್ಲಿ ನಮಗೇನು ನಷ್ಟ, ಕೊಡುವವರು ಕೊಡಲಿ ಎನ್ನಬಹುದು. ಆ ಮಾತಿನಲ್ಲಿ ಹುರುಳಿದೆ. ವಿಮಾನ ಕಂಪನಿಗಳ ವರಮಾನದಲ್ಲಿ ಮುಂದಿನ ಸೀಟುಗಳ ಪಾಲು ಅವುಗಳ ಸಂಖ್ಯೆಗೆ ಹೋಲಿಸಿದರೆ ಬಹಳ ದೊಡ್ಡದು. ಅವರ ದುಡ್ಡು ಇಲ್ಲದಿದ್ದರೆ ನಮ್ಮ ಎಷ್ಟೋ ಮಾರ್ಗಗಳಲ್ಲಿ ವಿಮಾನವೇ ಓಡದೆ ಇರಬಹುದು. ಆದರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಒಬ್ಬರು ಹಿಡಿಯುವ ಜಾಗದ ಮೇಲೆ ಲೆಕ್ಕ ಹಾಕಿದರೆ, ಪ್ರಥಮ ದರ್ಜೆಯವರ ಪಾಲಿನ ಇಂಗಾಲದ ಹೊಗೆ ಎಕಾನಮಿಯವರ ಒಂಬತ್ತು ಪಟ್ಟಿನವರೆಗೂ ಹೋಗಬಹುದೆಂದು 2013ರಲ್ಲಿ ವಿಶ್ವಬ್ಯಾಂಕಿನ ಅಧ್ಯಯನವೊಂದು ಹೇಳಿತು. ಆ ಹೊಗೆಗೆ ಪರದೆಯಿಲ್ಲ.

ಮನಸ್ಸಿನ ಲೆಕ್ಕ ಬೇರೆ. ಪ್ರಥಮ ದರ್ಜೆ ಇರುವ ವಿಮಾನಗಳ ಹಿಂಭಾಗದಲ್ಲಿ ಪ್ರಯಾಣಿಕರ ರಂಪಾಟ ಹೆಚ್ಚು, ಅದರ ನಡುವೆಯೇ ನಡೆದು ಹೋಗುವಂತಿದ್ದರೆ ಇನ್ನೂ ಹೆಚ್ಚು ಎಂದು ಡಿಸೆಲ್ಸ್ ಮತ್ತು ನಾರ್ಟನ್ ಎಂಬ ಇಬ್ಬರು ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಅವರ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೂ ಹೆಗಲ ಚೀಲ ಹೊತ್ತು ಆ ಹಾದಿ ನಡೆದವರಿಗೆ ಅದು ತೀರ ಅಪರಿಚಿತ ಮಾತೆನಿಸದು.

ಆದರೆ ನನ್ನ ಆತಂಕ ಮುಂದಿನ ಮಂಚದ ಬಗ್ಗೆ ಅಲ್ಲ, ಹಿಂದಿನ ಅಂಗುಲಗಳ ಬಗ್ಗೆ. ಬೋಯಿಂಗ್ 777 ಬಂದಾಗ ಎಕಾನಮಿಯಲ್ಲಿ ಸಾಲಿಗೆ 9 ಸೀಟು ಸಾಮಾನ್ಯವಾಗಿತ್ತು. ಈಗ ಅನೇಕ ಕಂಪನಿಗಳು ಅಷ್ಟೇ ಅಗಲದಲ್ಲಿ 10 ಸೀಟು ಹಾಕಿವೆ. ಇಕ್ಕಟ್ಟು ಬೇಡವೆಂದರೆ ‘ಪ್ರೀಮಿಯಂ ಎಕಾನಮಿ’ ಇದೆ, ಕಾಲು ಚಾಚಬೇಕೆಂದರೆ ಅದಕ್ಕೊಂದು ದರ. ಮೊದಲು ಟಿಕೆಟ್ಟಿನೊಳಗೇ ಇದ್ದದ್ದನ್ನು ತೆಗೆದು, ಮತ್ತೆ ನಮಗೇ ಮಾರುವ ಪದ್ಧತಿ ಇದು. ಚಾವಣಿಯಿಲ್ಲದ ಡಬ್ಬಿಯ ಹೊಸ ರೂಪವಲ್ಲವೇ? ಸೀಟಿನ ಕನಿಷ್ಠ ಅಳತೆಯನ್ನು ಗೊತ್ತುಮಾಡಬೇಕೆಂದು ಅಮೆರಿಕದ ಸಂಸತ್ತು 2018ರ ಕಾನೂನಿನಲ್ಲಿ ತನ್ನ ವಿಮಾನಯಾನ ಇಲಾಖೆಗೆ ಹೇಳಬೇಕಾಗಿ ಬಂದದ್ದು ಇದರಿಂದಲೇ.

2006ರಲ್ಲಿ ಮಂಗಳೂರಿನಿಂದ ದುಬೈಗೆ ಹಾರಾಟ ಶುರುವಾದಾಗ ಹೋದದ್ದು ಒಂದೇ ದರ್ಜೆಯ ವಿಮಾನ. ದುಡಿಯಲು ಹೋಗುವವರು, ರಜೆಗೆ ಬರುವವರು, ಮೊಮ್ಮಗುವನ್ನು ನೋಡಲು ಮೊದಲ ಸಲ ವಿಮಾನ ಹತ್ತಿದ ಅಜ್ಜಿ, ಎಲ್ಲರಿಗೂ ಒಂದೇ ಬಗೆಯ ಸೀಟು. 1939ರ ವಿಮಾನದಲ್ಲಿ ಪರದೆ ಇರಲಿಲ್ಲ, ಯಾಕೆಂದರೆ ಸಿರಿವಂತರಲ್ಲದವರು ಹತ್ತುವಂತೆಯೇ ಇರಲಿಲ್ಲ. ಈ ವಿಮಾನದಲ್ಲಿ ಪರದೆ ಇರಲಿಲ್ಲ, ಯಾಕೆಂದರೆ ಹತ್ತಿದವರೆಲ್ಲ ನಮ್ಮ ನಿಮ್ಮಂಥವರು. ವಿಮಾನಯಾನದ ಚರಿತ್ರೆಯಲ್ಲಿ ಷಾಂಪೇನಿಗಿಂತ ದೊಡ್ಡ ಸಂಗತಿ ಇದು.

ಮುಂದಿನ ಸಲ ಆ ಹಾದಿಯಲ್ಲಿ ನಡೆಯುವಾಗ ಮಂಚದ ಮೇಲಿದ್ದವರನ್ನು ಕಂಡು ಕರುಬುವುದು ಬೇಡ. ನಿಮ್ಮ ಸೀಟಿಗೆ ಹೋಗಿ ಕುಳಿತು, ಮೊಣಕಾಲಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ಎಷ್ಟು ಅಂಗುಲ ಉಳಿದಿದೆ ಎಂದು ನೋಡಿಕೊಳ್ಳಿ. ಅದನ್ನು ಯಾರು ಗೊತ್ತುಮಾಡಿದರು, ಯಾವ ಲೆಕ್ಕದಿಂದ ಎಂದು ಕೇಳಿ. ಹಾಗೆ ಕೇಳುವ ಹಕ್ಕು ಎಕಾನಮಿ ಟಿಕೆಟ್ಟಿನಲ್ಲೂ ಇದೆ.