ಹಳೇ ಮಲ್ಚರ್ ಕೊಳ್ಳುವ ಮುನ್ನ: ಬಣ್ಣ ನೋಡಬೇಡಿ, ತಿರುಗಿಸಿ ನೋಡಿ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಳೆದ ತಿಂಗಳ ಸಭೆಯಲ್ಲಿ ಮೂರು ಸಂಘದವರು ಒಂದೇ ಪ್ರಶ್ನೆ ಕೇಳಿದಿರಿ. "ಸಿಸ್ಟರ್, ಕಬ್ಬಿನ ತರಗು ಪುಡಿ ಮಾಡೋ ಮಿಷನ್ ತಗೊಂಡು ಬಾಡಿಗೆಗೆ ಬಿಡೋಣ ಅಂತಿದ್ದೀವಿ. ಹೊಸದು ಕೈಗೆಟುಕಲ್ಲ, ಹಳೇದು ಸಿಗ್ತಾ ಇದೆ. ತಗೋಬಹುದಾ?" ಆ ದಿನ ಸಮಯ ಇರಲಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಹಳೇ ಮಲ್ಚರ್ ನೋಡಲು ಹೊರಟಾಗ ನನ್ನನ್ನೂ ಕರೆದರು. ಮಿಷನ್ ನೀಲಿ ಬಣ್ಣದಲ್ಲಿ ಫಳಫಳ ಹೊಳೀತಾ ಇತ್ತು. "ಓಡಿಸಿ ತೋರಿಸ್ತೀರಾ?" ಅಂದೆವು. "ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಹೋಗಿದೆ, ಏನೂ ಯೋಚನೆ ಮಾಡಬೇಡಿ" ಅಂದರು. ನಾವು ಯೋಚನೆ ಮಾಡಲಿಲ್ಲ. ಹಣ ಕೊಟ್ಟು ತಂದೆವು. ಮೂರನೇ ದಿನ ಗದ್ದೆಯಲ್ಲಿ ಗಡಗಡ ನಡುಗಿ ಬೇರಿಂಗ್ ಒಡೆಯಿತು. ಬಿಚ್ಚಿದ ಮೆಕ್ಯಾನಿಕ್ ಹೇಳಿದ್ದು, ಒಳಗಿನ ಶಾಫ್ಟೇ ಬಾಗಿದೆ, ಅದರ ಮೇಲೆ ಬಣ್ಣ ಬಳಿದಿದ್ದಾರೆ ಅಂತ. ಸಾಲದ ಕಂತನ್ನು ಆ ಹೆಂಗಸರು ಹಾಲಿನ ದುಡ್ಡಿನಿಂದ ಕಟ್ಟಿದರು. ಅವರಲ್ಲಿ ಒಬ್ಬ ತಾಯಿ ನನ್ನನ್ನು ಬೈಯಲಿಲ್ಲ. "ಸಿಸ್ಟರ್, ನೀವೂ ನೋಡಿದ್ರಲ್ಲಾ" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ನಾನು ಗ್ಯಾರೇಜಿಗೆ ಹೋಗಿ ಕೂತು, ಮೆಕ್ಯಾನಿಕ್ ಬಿಚ್ಚುವಾಗ ಪಕ್ಕದಲ್ಲಿ ನಿಂತು ಕಲಿತೆ. ಕಲಿತದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ಈ ಮಿಷನ್ ಹೇಗೆ ಕೆಲಸ ಮಾಡುತ್ತದೆ?

ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಒಣ ತರಗು ಬೀಳುತ್ತದೆ. ಬೆಂಕಿ ಹಾಕಿದರೆ ಒಂದು ಗಂಟೆಯಲ್ಲಿ ಗದ್ದೆ ಖಾಲಿ. ಆದರೆ ತರಗಿನಲ್ಲಿದ್ದ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಜೀವಾಣುಗಳೂ ಸಾಯುತ್ತವೆ. ಅದನ್ನೇ ಪುಡಿ ಮಾಡಿ ಹರಡಿದರೆ ಕೂಳೆ ಬೆಳೆಗೆ ಹೊದಿಕೆ, ತೇವ ಉಳಿಯುತ್ತದೆ, ಕಳೆ ಕಡಿಮೆ, ನಿಧಾನಕ್ಕೆ ಗೊಬ್ಬರ. ಅದಕ್ಕೇ ಈಗ ಇದಕ್ಕೆ ಬೇಡಿಕೆ.

ರೋಟವೇಟರ್ ಬೇರೆ, ಇದು ಬೇರೆ. ರೋಟವೇಟರ್ ಮಣ್ಣು ಅಗೆಯುತ್ತದೆ. ಮಲ್ಚರ್ ಮಣ್ಣು ಮುಟ್ಟಬಾರದು. ಇದರಲ್ಲಿ ಅಡ್ಡಕ್ಕೆ ಒಂದು ದಪ್ಪ ಕೊಳವೆಯಂಥ ಶಾಫ್ಟ್ ಇರುತ್ತದೆ, ಅದಕ್ಕೆ ರೋಟರ್ ಅನ್ನುತ್ತಾರೆ. ಅದರ ಸುತ್ತ ಹತ್ತಾರು ಬ್ಲೇಡುಗಳು ಬೋಲ್ಟಿನಲ್ಲಿ ಸಡಿಲವಾಗಿ ನೇತಾಡುತ್ತವೆ. ರೋಟರ್ ಜೋರಾಗಿ ಸುತ್ತಿದಾಗ ಅವು ಹೊರಕ್ಕೆ ಚಾಚಿಕೊಂಡು ತರಗನ್ನು ಬಡಿದು ಕತ್ತರಿಸುತ್ತವೆ. ಕಣದಲ್ಲಿ ಕೋಲಿನಿಂದ ಹುರುಳಿ ಬಡಿಯುವುದಿಲ್ಲವಾ, ಹಾಗೆ. ಕಲ್ಲು ಸಿಕ್ಕರೆ ಬ್ಲೇಡ್ ಹಿಂದಕ್ಕೆ ಮಡಚಿಕೊಳ್ಳುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಸಡಿಲ ನೇತಾಡುವುದು ದೋಷ ಅಲ್ಲ, ಅದು ಇರಬೇಕಾದದ್ದೇ ಹಾಗೆ.

ಬ್ಲೇಡಿನಲ್ಲಿ ಎರಡು ಬಗೆ. ಇಂಗ್ಲಿಷಿನ ವೈ ಅಕ್ಷರದ ಹಾಗಿರುವುದು ಹುಲ್ಲು, ಎಳೆ ಕಳೆಗೆ ಒಳ್ಳೆಯದು. ಸುತ್ತಿಗೆಯ ಹಾಗೆ ಅಗಲವಾಗಿರುವುದು ಗಟ್ಟಿ ದಂಟು, ತೆಂಗಿನ ಗರಿ, ಜೋಳದ ಕಡ್ಡಿಗೆ ತಡೆಯುತ್ತದೆ. ನಿಮ್ಮೂರಲ್ಲಿ ಯಾವ ಕೆಲಸ ಜಾಸ್ತಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಟ್ರ್ಯಾಕ್ಟರಿಗೆ ಹೊಂದುತ್ತದಾ?

ಹೆಣ್ಣು ಗಂಡು ಜಾತಕ ನೋಡಿದ ಹಾಗೆ ಇದು. ಮಿಷನ್ನಿನ ಮೇಲೆ ಒಂದು ತಗಡಿನ ಪಟ್ಟಿ ಇರುತ್ತದೆ. ತಯಾರಕರ ಹೆಸರು, ನಂಬರು, ಎಷ್ಟು ಎಚ್‌ಪಿ ಟ್ರ್ಯಾಕ್ಟರ್ ಬೇಕು, ಎಷ್ಟು ಸುತ್ತು ಬೇಕು ಎಲ್ಲಾ ಅದರಲ್ಲಿದೆ. ಪಟ್ಟಿ ಕಿತ್ತಿದ್ದರೆ ಯಾಕೆ ಅಂತ ಕೇಳಿ. ಐದಾರು ಅಡಿ ಅಗಲದ ಮಲ್ಚರಿಗೆ ಸಾಮಾನ್ಯವಾಗಿ 45ರಿಂದ 50 ಎಚ್‌ಪಿ ಅಥವಾ ಇನ್ನೂ ಹೆಚ್ಚು ಬೇಕು. ನಿಮ್ಮ ಸದಸ್ಯೆಯ ಮನೆಯ ಟ್ರ್ಯಾಕ್ಟರ್ 35 ಎಚ್‌ಪಿ ಆದರೆ, ಮಿಷನ್ ಎಷ್ಟೇ ಅಗ್ಗವಾಗಿದ್ದರೂ ಅದು ನಿಮ್ಮದಲ್ಲ.

ಅಗಲ ಕೂಡ ಅಳೆಯಿರಿ. ಹಿಂದಿನ ಎರಡು ಚಕ್ರ ತುಳಿದ ಜಾಗವನ್ನು ಮಿಷನ್ ಮುಚ್ಚಬೇಕು, ಇಲ್ಲದಿದ್ದರೆ ಚಕ್ರ ತುಳಿದ ತರಗು ಹಾಗೇ ಉಳಿಯುತ್ತದೆ. ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರ್ ಆದರೆ ಅನುಕೂಲ. ತರಗು ಗುಡ್ಡೆ ಸಿಕ್ಕಾಗ ಟ್ರ್ಯಾಕ್ಟರ್ ನಿಲ್ಲಿಸಿದರೂ ಮಿಷನ್ ತಿರುಗುತ್ತಾ ಇರುತ್ತದೆ.

ನೋಡುವ ಕ್ರಮ

ನೋಡುವುದಕ್ಕೆ ಮೊದಲು ಟ್ರ್ಯಾಕ್ಟರ್ ಆರಿಸಿ, ಕೀಲಿ ನಿಮ್ಮಲ್ಲಿ ಒಬ್ಬರ ಕೈಯಲ್ಲಿ ಇರಲಿ. ಮಿಷನ್ ಎತ್ತಿದ್ದರೆ ಅಡಿಗೆ ಗಟ್ಟಿ ಮರದ ದಿಮ್ಮಿ ಕೊಡಬೇಕು. ಬರೀ ಟ್ರ್ಯಾಕ್ಟರಿನ ಲಿಫ್ಟ್ ನಂಬಿ ಯಾರೂ ಕೆಳಗೆ ಬಗ್ಗಬೇಡಿ.

1. ಬ್ಲೇಡ್ ಎಣಿಸಿ. ಬ್ಲೇಡ್ ಕೂರುವ ಕಿವಿ ಎಷ್ಟು, ಬ್ಲೇಡ್ ಎಷ್ಟು ಅಂತ ಎಣಿಸಿ ಬರೆದುಕೊಳ್ಳಿ. ಒಂದು ಕಡೆ ಬ್ಲೇಡ್ ಇಲ್ಲದಿದ್ದರೆ ತೂಕ ತಪ್ಪುತ್ತದೆ, ಮಿಷನ್ ನಡುಗುತ್ತದೆ, ನಡುಕ ಬೇರಿಂಗ್ ತಿನ್ನುತ್ತದೆ. ಒಂದು ಹೊಸದು, ಪಕ್ಕದ್ದು ಸವೆದದ್ದು ಆದರೂ ಅದೇ ಕಥೆ. ಬ್ಲೇಡ್ ಬದಲಿಸುವಾಗ ಅದರ ಎದುರು ದಿಕ್ಕಿನದನ್ನೂ ಬದಲಿಸಬೇಕು. ಬೋಲ್ಟ್ ಕೂರುವ ತೂತು ದುಂಡಗಿದೆಯಾ, ಮೊಟ್ಟೆಯಂತೆ ಉದ್ದವಾಗಿದೆಯಾ ನೋಡಿ. ಬ್ಲೇಡ್ ಸವೆದಿದ್ದರೆ ಹೆದರಬೇಡಿ, ಅದು ಬದಲಿಸುವ ವಸ್ತು, ಬೆಲೆಯಲ್ಲಿ ಕಳೆಯಿರಿ. ಕಿವಿಯೇ ಸವೆದಿದ್ದರೆ ಖರ್ಚು ದೊಡ್ಡದು.

2. ರೋಟರ್ ನೆಟ್ಟಗಿದೆಯಾ? ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಒಂದು ಸೀಮೆಸುಣ್ಣ ತಗೊಂಡು ಹೋಗಿ. ಅದನ್ನು ಮಿಷನ್ನಿನ ಚೌಕಟ್ಟಿಗೆ ಒತ್ತಿಟ್ಟು, ತುದಿ ರೋಟರಿನ ಕೊಳವೆಗೆ ಕೂದಲೆಳೆ ದೂರದಲ್ಲಿರುವಂತೆ ಬ್ಲೇಡುಗಳ ನಡುವೆ ಹಿಡಿಯಿರಿ. ಇನ್ನೊಬ್ಬರು ದಪ್ಪ ಗೋಣಿ ತುಂಡು ಸುತ್ತಿಕೊಂಡ ಕೈಯಿಂದ ರೋಟರನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಲಿ. ಸುತ್ತಲೂ ಒಂದೇ ಅಂತರ ಇದ್ದರೆ ನೆಟ್ಟಗಿದೆ. ಒಂದು ಕಡೆ ಸುಣ್ಣ ತಾಗಿ ಇನ್ನೊಂದು ಕಡೆ ದೂರ ಆದರೆ ಬಾಗಿದೆ. ಎರಡು ತುದಿ, ನಡುವೆ, ಮೂರು ಕಡೆ ಹೀಗೆ ನೋಡಿ. ಬಾಗಿದ್ದರೆ ಅಲ್ಲಿಗೇ ಮುಗಿಯಿತು, ನಮಸ್ಕಾರ ಹೇಳಿ ಮನೆಗೆ ಬನ್ನಿ. ರೋಟರಿನ ಮೇಲೆ ಬೆಸುಗೆ ಹಾಕಿದ ಚಿಕ್ಕ ತಗಡಿನ ತುಂಡು ಕಂಡರೆ ಗಾಬರಿ ಬೇಡ, ಅದು ತೂಕ ಸರಿಮಾಡಲು ಕಾರ್ಖಾನೆಯಲ್ಲೇ ಹಾಕಿರಬಹುದು. ಆದರೆ ಉದ್ದಕ್ಕೆ ಒರಟು ಬೆಸುಗೆ ಇದ್ದರೆ ಅದು ಒಡೆದು ಕೂಡಿಸಿದ್ದು.

3. ಬೇರಿಂಗ್. ರೋಟರಿನ ಎರಡು ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲಟಕ್ ಲಟಕ್ ಅಂದರೆ ಸವೆದಿದೆ. ತಿರುಗಿಸುವಾಗ ಮರಳು ಅರೆದ ಸದ್ದು ಬಂದರೂ ಹಾಗೇ. ತುದಿಗೆ ದಾರ, ತಂತಿ, ಪ್ಲಾಸ್ಟಿಕ್ ಸುತ್ತಿಕೊಂಡಿದ್ದರೆ ಒಳಗೆ ಧೂಳು ಹೋಗಿರುವ ಸಂಭವ ಇದೆ.

4. ಗೇರ್ ಬಾಕ್ಸ್. ಮುಚ್ಚಳ ಬಿಚ್ಚಿಸಿ, ಒಂದು ಕಡ್ಡಿ ಅದ್ದಿ ಎಣ್ಣೆ ನೋಡಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಬೆರಳಲ್ಲಿ ತಿಕ್ಕಿದಾಗ ಮಿಣಮಿಣ ಹೊಳೆದರೆ ಒಳಗೆ ಹಲ್ಲು ಸವೀತಾ ಇದೆ. ಎಣ್ಣೆಯೇ ಇಲ್ಲದಿದ್ದರೆ ಆ ಯಜಮಾನರು ಮಿಷನ್ ನೋಡಿಕೊಂಡ ರೀತಿ ಗೊತ್ತಾಯಿತಲ್ಲಾ.

5. ಬೆಲ್ಟ್. ಪಕ್ಕದ ಮುಚ್ಚಳ ತೆಗೆಸಿ. ಬಿರುಕು ಬಿಟ್ಟಿದ್ದರೆ ಬದಲಿಸಬೇಕು, ಅದೂ ಎಲ್ಲವನ್ನೂ ಒಟ್ಟಿಗೆ. ಒಂದು ಹೊಸದು, ಉಳಿದದ್ದು ಹಳೇದು ಆದರೆ ಎಳೆತ ಒಂದರ ಮೇಲೇ ಬೀಳುತ್ತದೆ.

6. ಪಿಟಿಒ ಶಾಫ್ಟ್. ಟ್ರ್ಯಾಕ್ಟರಿನಿಂದ ಮಿಷನ್ನಿಗೆ ಶಕ್ತಿ ತರುವ ಸರಳು ಇದು. ಎರಡು ತುದಿಯ ಕ್ರಾಸ್ ಅಲ್ಲಾಡುತ್ತದಾ, ಸರಳು ಒಂದರೊಳಗೊಂದು ಸಲೀಸಾಗಿ ಜಾರುತ್ತದಾ, ಮೇಲೆ ಪ್ಲಾಸ್ಟಿಕ್ ಕವಚ ಇದೆಯಾ ನೋಡಿ. ಈ ಕವಚದ ವಿಚಾರ ಆಮೇಲೆ ಹೇಳುತ್ತೇನೆ.

7. ಚೌಕಟ್ಟು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂರು ಕೊಂಡಿಗಳ ಬುಡದಲ್ಲಿ ಬಿರುಕು ಇದೆಯಾ ನೋಡಿ. ಹಿಂದಿನ ಉರುಳೆ ತಿರುಗಬೇಕು, ಮಿಷನ್ ನೆಲದಿಂದ ಎಷ್ಟು ಎತ್ತರದಲ್ಲಿ ಓಡಬೇಕು ಅನ್ನುವುದು ಅದರಿಂದಲೇ. ಹಿಂದೆ ಕಲ್ಲು ತಡೆಯುವ ರಬ್ಬರ್ ಪಟ್ಟಿ ಅಥವಾ ಸರಪಳಿ ಇರಲೇಬೇಕು. ತುಕ್ಕು ಇದ್ದರೆ ಬೆರಳಲ್ಲಿ ಒತ್ತಿ ನೋಡಿ, ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ, ತಗಡು ತಿಂದ ತುಕ್ಕು ಹೋಗುವುದಿಲ್ಲ.

ಓಡಿಸದೆ ಮುಂಗಡ ಬೇಡ

ಇಷ್ಟು ನೋಡಿದ ಮೇಲೆ ಓಡಿಸಿಸಿ. ಎಲ್ಲರೂ ದೂರ ನಿಲ್ಲಿ, ಹಿಂದೆಯಂತೂ ಯಾರೂ ಇರಬಾರದು. ನಿಧಾನದಿಂದ ಶುರುಮಾಡಿ ಪೂರ್ತಿ ವೇಗಕ್ಕೆ ತರಲಿ. ವೇಗ ಏರಿದಂತೆ ಮಿಷನ್ ಒಂದೇ ಸಮನೆ ಗುಂಯ್ ಅನ್ನಬೇಕು. ಗಡಗಡ ನಡುಗಿದರೆ ತಕ್ಷಣ ನಿಲ್ಲಿಸಲು ಹೇಳಿ. ಆಮೇಲೆ ತರಗಿರುವ ಗದ್ದೆಯಲ್ಲೇ ಹತ್ತು ಹದಿನೈದು ನಿಮಿಷ ಓಡಿಸಿ. ಟ್ರ್ಯಾಕ್ಟರ್ ಆರಿಸಿ, ರೋಟರ್ ಪೂರ್ತಿ ನಿಂತ ಮೇಲೆ ಬೇರಿಂಗ್ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಕೆಟ್ಟಿದೆ. ಟ್ರ್ಯಾಕ್ಟರ್ ಆರಿಸಿದ ಮೇಲೂ ರೋಟರ್ ಸ್ವಲ್ಪ ಹೊತ್ತು ಸುತ್ತುತ್ತದೆ ಅನ್ನುವುದನ್ನು ಮರೆಯಬೇಡಿ.

"ಇವತ್ತು ಟ್ರ್ಯಾಕ್ಟರ್ ಇಲ್ಲ" ಅಂದರೆ, "ಇರೋ ದಿನ ಬರ್ತೀವಿ" ಅನ್ನಿ. "ನಾಳೆ ಬೇರೆಯವರು ತಗೊಂಡು ಹೋಗ್ತಾರೆ" ಅಂದರೆ, ಹೋಗಲಿ ಬಿಡಿ.

ಲೆಕ್ಕ ಮತ್ತು ಕಾಗದ

ಮಾರುವವರು ಹೇಳುವ ಬೆಲೆ ಪೂರ್ತಿ ಬೆಲೆ ಅಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಮಿಷನ್ 80,000 ರೂಪಾಯಿ, ಸಾಗಾಟ 3,000, ಬ್ಲೇಡ್ ಬೋಲ್ಟ್ 8,000, ಬೆಲ್ಟ್ 3,000, ಬೇರಿಂಗ್ ಮತ್ತು ಕೂಲಿ 4,000, ಕವಚ 2,000. ಒಟ್ಟು ಒಂದು ಲಕ್ಷ. ಟ್ರ್ಯಾಕ್ಟರಿನವರ ಪಾಲು, ಡೀಸೆಲ್, ಡ್ರೈವರ್ ಕೂಲಿ ಕಳೆದು ಸಂಘಕ್ಕೆ ಗಂಟೆಗೆ 300 ಉಳಿದರೆ, ಅಸಲು ಬರಲಿಕ್ಕೇ 333 ಗಂಟೆ ಬೇಕು. ದಿನಕ್ಕೆ ಆರು ಗಂಟೆಯಂತೆ 56 ದಿನ. ಬಡ್ಡಿ, ಮುಂದಿನ ರಿಪೇರಿ ಬೇರೆ. ನಿಮ್ಮ ಊರಿನ ನಿಜವಾದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ. ಅಷ್ಟು ದಿನದ ಕೆಲಸ ಸುತ್ತಮುತ್ತ ಇಲ್ಲದಿದ್ದರೆ ಬಾಡಿಗೆಗೆ ತರುವುದೇ ಲೇಸು.

ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ಅಂಗಡಿಗೆ ಹೋಗಿ ಕೇಳಿ. ಸರ್ಕಾರದ ಸಹಾಯಧನ ಸಾಮಾನ್ಯವಾಗಿ ಹೊಸ ಯಂತ್ರಕ್ಕೆ ಮಾತ್ರ. ಕೇಂದ್ರ ಸರ್ಕಾರ 2014-15ರಲ್ಲಿ ಶುರುಮಾಡಿದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಗುಂಪುಗಳ ಬಾಡಿಗೆ ಕೇಂದ್ರಕ್ಕೂ ನೆರವು ಇಟ್ಟಿದ್ದರು. ಆದ್ದರಿಂದ ಹಳೇದಕ್ಕೆ ಕೈಹಾಕುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಕೆಲವೊಮ್ಮೆ ಹೊಸದೇ ಹಗುರಾಗಬಹುದು.

ಮೂಲ ಬಿಲ್ಲು ಕೇಳಿ. ಮಿಷನ್ ಮೇಲೆ ಸಾಲ ಬಾಕಿ ಇಲ್ಲ ಅಂತ ಬರೆಸಿಕೊಳ್ಳಿ. ಪಟ್ಟಿಯ ನಂಬರು ನಮೂದಿಸಿ, ಸಂಘದ ಹೆಸರಿಗೇ ರಸೀದಿ ಮಾಡಿಸಿ. ಅಧ್ಯಕ್ಷೆಯ ಗಂಡನ ಹೆಸರಿಗೆ ಬೇಡ. ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ.

ಸೆರಗಿನ ಮಾತು

ಈಗ ಆ ಕವಚದ ವಿಚಾರ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ನೀವು "ಅಯ್ಯೋ" ಅನ್ನುವಷ್ಟರಲ್ಲಿ ಸೆರಗು ಒಂಬತ್ತು ಸುತ್ತು ಸುತ್ತಿಕೊಂಡಿರುತ್ತದೆ. ಬಿಡಿಸಿಕೊಳ್ಳಲು ಸಮಯವೇ ಇಲ್ಲ. ಸೀರೆ, ದುಪಟ್ಟಾ, ಜಡೆ, ಗಂಡಸರ ಟವೆಲ್, ಪಂಚೆ, ಯಾವುದಾದರೂ ಸರಿ. ಹಳೇ ಮಿಷನ್ನಿನಲ್ಲಿ ಮೊದಲು ಹೋಗಿರುವುದೇ ಈ ಕವಚ. "ಅದಿಲ್ಲದಿದ್ರೂ ಓಡುತ್ತೆ" ಅಂತ ಮಾರುವವರು ಹೇಳುತ್ತಾರೆ. ಓಡುತ್ತದೆ, ನಿಜ. ಕವಚ ಹಾಕಿಸದೆ ಒಂದು ಗಂಟೆಯೂ ಓಡಿಸಬೇಡಿ. ಓಡುವಾಗ ಹತ್ತಿರ ಹೋಗಬೇಡಿ, ಸಿಕ್ಕಿಕೊಂಡ ತರಗು ಎಳೆಯಬೇಡಿ, ಮಕ್ಕಳನ್ನು ಗದ್ದೆಗೇ ಬಿಡಬೇಡಿ.

ಕೊನೆಗೆ ಒಂದು ಮಾತು. ನಾನು ಮೊದಲು ಹೇಳಿದ ಆ ಸಂಘದವರು ಸಾಲ ತೀರಿಸಿದ ಮೇಲೆ ಮತ್ತೆ ಮಲ್ಚರ್ ನೋಡಲು ಹೊರಟರು. ಈ ಸಲ ನನ್ನನ್ನು ಕರೆಯಲಿಲ್ಲ, ಸೀಮೆಸುಣ್ಣ ತಗೊಂಡು ಹೋದರು. ಎರಡು ಮಿಷನ್ ಬೇಡ ಅಂದರು. ಮೂರನೆಯದು ಬಣ್ಣ ಹೋಗಿ ತುಕ್ಕು ಹಿಡಿದದ್ದು. ಗಂಡಸರು ನಕ್ಕರಂತೆ. ಆದರೆ ರೋಟರ್ ನೆಟ್ಟಗಿತ್ತು, ಎಣ್ಣೆ ಶುದ್ಧವಾಗಿತ್ತು. ಅದನ್ನೇ ತಂದರು, ಅದು ಈಗಲೂ ಓಡುತ್ತಿದೆ.

ಸಾಲದ ಕಾಗದಕ್ಕೆ ಸಹಿ ನಿಮ್ಮದು, ಕಂತು ಕಟ್ಟುವವರು ನೀವು. ಹಾಗಾದ ಮೇಲೆ ಮಿಷನ್ ಮುಟ್ಟಿ ನೋಡುವ ಕೈಯೂ ನಿಮ್ಮದೇ ಆಗಿರಲಿ. "ಹೆಂಗಸರಿಗೆ ಏನು ಗೊತ್ತಾಗುತ್ತೆ" ಅಂದವರಿಗೆ ಉತ್ತರ ಕೊಡುತ್ತಾ ನಿಲ್ಲಬೇಡಿ. ಕೈಗೆ ಗೋಣಿ ತುಂಡು ಸುತ್ತಿಕೊಳ್ಳಿ, ರೋಟರ್ ತಿರುಗಿಸಿ.