ಎಣಿಸುವವನು ಮೋಸಗಾರನೆ?



ಕ್ಯಾಸಿನೋ ಇಸ್ಪೀಟಿನ ಚರಿತ್ರೆ ಹೇಳಿ ಎಂದು ಕರೆಸಿದ್ದೀರಿ. ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. 1613ರಲ್ಲಿ ಸ್ಪೇನಿನಲ್ಲಿ ಅಚ್ಚಾದ ಸರ್ವಾಂಟಿಸ್‌ನ ಒಂದು ಕಥೆಯಲ್ಲಿ ಪುಂಡ ಹುಡುಗರು ಇಪ್ಪತ್ತೊಂದರ ಆಟದಲ್ಲಿ ಕೈಚಳಕ ತೋರಿಸುತ್ತಾರೆ. ಫ್ರೆಂಚರ ನಡುವೆಯೂ ಬೆಳೆದ ಈ ಆಟ ಅಟ್ಲಾಂಟಿಕ್ ದಾಟಿ ಅಮೆರಿಕದಲ್ಲಿ ಬ್ಲ್ಯಾಕ್‌ಜಾಕ್ ಆಯಿತು. 1931ರಲ್ಲಿ ನೆವಾಡ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು, ಲಾಸ್ ವೇಗಸ್ ಬೆಳೆಯಿತು. ಚರಿತ್ರೆ ಇಲ್ಲಿಗೆ ಸಾಕು. ನನಗೆ ಬೇಕಾದದ್ದು ಈ ಆಟ ಎಬ್ಬಿಸಿದ ಒಂದು ಜಗಳ. ಬಿದ್ದ ಎಲೆಗಳನ್ನು ಮನಸ್ಸಿನಲ್ಲೇ ಎಣಿಸುತ್ತ ಆಡುವವನನ್ನು ಮೋಸಗಾರ ಅನ್ನಬಹುದೆ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಕೈಯಲ್ಲಿರುವ ಎಲೆಗಳ ಮೊತ್ತ 21ರ ಹತ್ತಿರ ಹೋಗಬೇಕು, ದಾಟಬಾರದು. ಎದುರಿಗೆ ಕೂತ ಡೀಲರ್‌ಗೆ ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. 16 ಇದ್ದರೆ ಇನ್ನೊಂದು ಎಲೆ ಎಳೆಯಲೇಬೇಕು. ನೀವು ಎಲ್ಲಿ ಬೇಕಾದರೂ ನಿಲ್ಲಬಹುದು, ಆದರೆ ಮೊದಲು ಆಡಬೇಕಾದವರು ನೀವು. ನೀವು 21 ದಾಟಿದರೆ ಅಲ್ಲಿಗೆ ಮುಗಿಯಿತು. ಆಮೇಲೆ ಡೀಲರೂ ದಾಟಿದರೆ ನಿಮಗೆ ದುಡ್ಡು ವಾಪಸ್ ಬರುವುದಿಲ್ಲ. ಕ್ಯಾಸಿನೋದ ಅನ್ನ ಹುಟ್ಟುವುದು ಈ ಸಂದಿಯಲ್ಲಿ.

ಆದರೂ ಜನಕ್ಕೆ ಇದರ ಹುಚ್ಚು ಯಾಕೆ? ರೂಲೆಟ್ ಚಕ್ರ ಹಿಂದಿನ ಸಲ ಎಲ್ಲಿ ನಿಂತಿತ್ತು ಎಂಬುದು ಈ ಸಲಕ್ಕೆ ಲೆಕ್ಕಕ್ಕಿಲ್ಲ. ಇಲ್ಲಿ ಹಾಗಲ್ಲ. ಒಂದು ಎಕ್ಕ ಬಿದ್ದರೆ ಆ ಕಟ್ಟಿನಲ್ಲಿ ಇನ್ನು ಮೂರೇ ಎಕ್ಕ. ಕಣ್ಣೆದುರು ಆಗಿಹೋದದ್ದು ಮುಂದಾಗುವುದನ್ನು ಬದಲಿಸುತ್ತದೆ. ಹತ್ತುಗಳು, ಚಿತ್ರದೆಲೆಗಳು, ಎಕ್ಕಗಳು ಹೆಚ್ಚು ಉಳಿದಿದ್ದರೆ ಆಟ ನಿಮ್ಮ ಕಡೆ ವಾಲುತ್ತದೆ. ಎರಡೇ ಎಲೆಗೆ 21 ಬಂದರೆ ನಿಮಗೆ ಒಂದೂವರೆ ಪಟ್ಟು ಸಿಗುತ್ತದೆ, ಡೀಲರ್‌ಗೆ ಬಂದರೆ ನಿಮ್ಮ ಪಣವಷ್ಟೇ ಹೋಗುತ್ತದೆ. ಮೇಲಾಗಿ 16ರ ಮೇಲೆ ಎಳೆಯಲೇಬೇಕಾದ ಡೀಲರ್ ಹೆಚ್ಚು ಸಲ ಮುಗ್ಗರಿಸುತ್ತಾನೆ.

ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಅಧ್ಯಾಪಕ ಐಬಿಎಂ 704 ಯಂತ್ರದಲ್ಲಿ ಈ ಲೆಕ್ಕವನ್ನು ಪೂರ್ತಿ ಮಾಡಿ 1962ರಲ್ಲಿ ‘ಬೀಟ್ ದಿ ಡೀಲರ್’ ಪುಸ್ತಕ ಬರೆದ. ಈಗ ಬಳಕೆಯಲ್ಲಿರುವ ರೂಪ ಮಕ್ಕಳಿಗೂ ಬರುವಂಥದ್ದು. 2ರಿಂದ 6ರವರೆಗಿನ ಎಲೆ ಬಿದ್ದರೆ ಒಂದು ಕೂಡು. 7, 8, 9 ಬಿಡು. ಹತ್ತರಿಂದ ಎಕ್ಕದವರೆಗಿನದು ಬಿದ್ದರೆ ಒಂದು ಕಳೆ. ಮೊತ್ತ ಏರಿದಾಗ ಪಣ ಏರಿಸು. 1964ರಲ್ಲಿ ಲಾಸ್ ವೇಗಸ್‌ನವರು ಗಾಬರಿಬಿದ್ದು ನಿಯಮ ಬಿಗಿ ಮಾಡಿದರು. ಗಿರಾಕಿಗಳು ಎದ್ದು ನಡೆದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮ ಮರಳಿ ಬಂತು. ಎಣಿಸುವವರನ್ನು ಹೊರಗೆ ಕಳಿಸುವ ಪದ್ಧತಿ ಮಾತ್ರ ಉಳಿಯಿತು.

ಹಾಗೆ ಹೊರಗೆ ಹಾಕಿಸಿಕೊಂಡ ಕೆನ್ ಅಸ್ಟನ್, ಅಟ್ಲಾಂಟಿಕ್ ಸಿಟಿಯ ರೆಸಾರ್ಟ್ಸ್ ಇಂಟರ್‌ನ್ಯಾಷನಲ್ ಕ್ಯಾಸಿನೋ ವಿರುದ್ಧ ನ್ಯಾಯಾಲಯಕ್ಕೆ ಹೋದ. ಆಟದ ಜಾಣ್ಮೆಗಾಗಿ ಒಬ್ಬನನ್ನು ಹೊರಗಿಡುವ ಅಧಿಕಾರ ಕ್ಯಾಸಿನೋಗೆ ಇಲ್ಲ ಎಂದು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1982ರಲ್ಲಿ ತೀರ್ಪು ಕೊಟ್ಟಿತು. ನೆವಾಡದಲ್ಲಿ ಮಾತ್ರ ಇವತ್ತಿಗೂ ಬಾಗಿಲು ತೋರಿಸಬಹುದು. ನಮ್ಮ ಸುಪ್ರೀಂ ಕೋರ್ಟೂ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ರಮ್ಮಿಯನ್ನು ಬರೀ ಅದೃಷ್ಟದ ಆಟವಲ್ಲ ಎಂದಿತಲ್ಲ, ಬಿದ್ದ ಎಲೆ ನೆನಪಿಡಬೇಕು ಎಂಬುದೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು.

ಈ ವಿಷಯ ನನಗೆ ಅಂಟಿಕೊಂಡದ್ದು ಹೈಸ್ಕೂಲಿನ ಪ್ರವಾಸದಲ್ಲಿ. ರೈಲು ತಡವಾಗಿತ್ತು. ಪ್ಲಾಟ್‌ಫಾರ್ಮಿನ ಮೇಲೆ ನಾಲ್ಕು ಹುಡುಗರು ಇಪ್ಪತ್ತೆಂಟು ಆಡುತ್ತಿದ್ದೆವು. ಗಣಿತದ ಮೇಷ್ಟ್ರು ಬಂದರು. ಬೆನ್ನಿಗೆ ಬೀಳುತ್ತದೆ ಅಂದುಕೊಂಡರೆ ಒಬ್ಬನನ್ನು ಎಬ್ಬಿಸಿ ತಾವೇ ಕೂತರು. ಕೊನೆಯ ಸುತ್ತುಗಳಲ್ಲಿ ಯಾರ ಕೈಯಲ್ಲಿ ಗುಲಾಮ, ಯಾರ ಕೈಯಲ್ಲಿ ಒಂಬತ್ತು ಎಂದು ಹೇಳುತ್ತ ಹೋದರು. ನಾವು ಕದ್ದು ನೋಡಿದಿರಿ ಅಂದೆವು. “ನೋಡಿಲ್ಲ ಕಣ್ರೋ, ಬಿದ್ದದ್ದನ್ನ ಮರೆತಿಲ್ಲ, ಅಷ್ಟೇ,” ಅಂದರು. ಬೆಂಚಿನ ಮೇಲೆ ಒರಗಿದ್ದ ಸಂಸ್ಕೃತದ ಪಂಡಿತರು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಹುಡುಗರಿಗೆ ಲೆಕ್ಕ ಬರೋಲ್ಲ ಅಂತ ಗೊತ್ತಿದ್ದೂ ಕೂತಿರಲ್ಲ ಸ್ವಾಮಿ, ಅದಕ್ಕೇನಂತೀರಿ?” ಮೇಷ್ಟ್ರು ನಕ್ಕು ಎಲೆ ಕಲಸಿದರು.

ಮೇಷ್ಟ್ರ ಕಡೆ ವಾದ ಮಾಡಲು ನನ್ನ ಹತ್ತಿರ ಬಹಳ ಕಾಲ ನಳನ ಕಥೆಯಿತ್ತು. ಕನಕದಾಸರ ‘ನಳಚರಿತ್ರೆ’ಯ ಊರಿನವರಿಗೆ ಕಥೆ ಹೇಳಬೇಕಿಲ್ಲ. ವ್ಯಾಸರ ವನಪರ್ವದಲ್ಲಿ ಋತುಪರ್ಣ ರಥದ ಮೇಲಿಂದಲೇ ಒಂದು ತಾರೆಮರ ನೋಡಿ, ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಕಾಯಿ ಎನ್ನುತ್ತಾನೆ. ಸಾರಥಿಯ ವೇಷದ ನಳ ಇಳಿದು, ಮರ ಕಡಿದು, ಎಣಿಸುತ್ತಾನೆ. ಲೆಕ್ಕ ಸರಿ. ಎಣಿಕೆಯ ಆ ವಿದ್ಯೆಯ ಜೊತೆಗೇ ಅಕ್ಷಹೃದಯ, ಅಂದರೆ ಪಗಡೆಯ ಮರ್ಮ, ನಳನಿಗೆ ಸಿಗುತ್ತದೆ. ಅಂದಿನ ದಾಳಗಳು ಆ ತಾರೆಕಾಯಿಗಳೇ ಎಂಬುದನ್ನು ನೆನಪಿಟ್ಟುಕೊಳ್ಳಿ. ನಳ ಹೋಗಿ ಪುಷ್ಕರನನ್ನು ಸೋಲಿಸಿದ. ಅವನನ್ನು ಯಾರೂ ಮೋಸಗಾರ ಅನ್ನಲಿಲ್ಲ. ಥಾರ್ಪ್ ಮಾಡಿದ್ದೂ ಇದೇ ಅಲ್ಲವೆ?

ನನ್ನ ವಾದ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಸಭಾಪರ್ವದಲ್ಲಿ ಇನ್ನೊಂದು ಜಾಗ ಇದೆ. ಕಪಟದಿಂದ ಆಡಬೇಡ ಎಂದು ಧರ್ಮರಾಯ ಹೇಳಿದಾಗ ಶಕುನಿ ಉತ್ತರ ಕೊಡುತ್ತಾನೆ. ಅದರ ಸಾರ ಇಷ್ಟು: ಬಲ್ಲವನು ಅರಿಯದವನ ಎದುರು ನಿಲ್ಲುವುದೂ ಒಂದು ಬಗೆಯ ಕಪಟವೇ, ಜನ ಮಾತ್ರ ಅದಕ್ಕೆ ಆ ಹೆಸರು ಕೊಡುವುದಿಲ್ಲ, ಭಯವಾದರೆ ಆಡಬೇಡ. ಅಸ್ಟನ್ನನ ಪರ ನಾನು ಹೇಳಬಹುದಾಗಿದ್ದ ಅತ್ಯುತ್ತಮ ಮಾತು ಶಕುನಿಯ ಬಾಯಲ್ಲಿದೆ!

ಗೆರೆ ಎಲ್ಲಿ ಎಳೆಯೋಣ? ಫಿಲ್ ಐವಿ ಎಂಬ ಪೋಕರ್ ಆಟಗಾರ 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್‌ನಲ್ಲಿ ಬ್ಯಾಕರಾದ ಒಂದು ಬಗೆಯಾದ ಪುಂಟೋ ಬ್ಯಾಂಕೋ ಆಡಿ 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಬೆನ್ನಿನ ಚಿತ್ತಾರ ಎರಡು ಅಂಚಿನಲ್ಲಿ ಕೂದಲೆಳೆಯಷ್ಟು ಬೇರೆ ಇತ್ತು. ಜೊತೆಗಾತಿ, ಶಕುನದ ನೆಪ ಹೇಳಿ, ಬೆಲೆಯುಳ್ಳ ಎಲೆಗಳನ್ನು ಡೀಲರ್ ಕೈಯಿಂದಲೇ ತಿರುಗಿಸಿ ಇಡಿಸಿದಳು. ಐವಿ ಎಲೆ ಮುಟ್ಟಲಿಲ್ಲ. ತಾನು ಮಾಡಿದ್ದು ಮೋಸವಲ್ಲ ಎಂದು ಅವನು ನಿಜವಾಗಿ ನಂಬಿದ್ದ, ಕೋರ್ಟೂ ಅದನ್ನು ಒಪ್ಪಿತು. ಆದರೂ 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಮೋಸ ಎಂದೇ ತೀರ್ಮಾನಿಸಿತು. ನೋಡುವುದು ಸರಿ, ನೋಡಲು ಅನುಕೂಲವಾಗುವಂತೆ ಜೋಡಿಸುವುದು ತಪ್ಪು ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಗೆರೆ ಚೆನ್ನಾಗಿದೆ. ಆದರೆ ಅದೇ ಬ್ಯಾಕರಾ ಮೇಜಿನಲ್ಲಿ ಬ್ಯಾಂಕರ್ ಪಣದಲ್ಲಿ ನೂರಕ್ಕೆ ಸುಮಾರು 1.06, ಟೈ ಪಣದಲ್ಲಿ 14ಕ್ಕೂ ಹೆಚ್ಚು ತಮ್ಮ ಕಡೆ ಉಳಿಯುವಂತೆ ಜೋಡಿಸಿದವರು ಯಾರು? ಮನೆಯವರ ಜೋಡಣೆಗೆ ನಿಯಮ ಎಂಬ ಹೆಸರು, ಅತಿಥಿಯ ಜೋಡಣೆಗೆ ಮೋಸ ಎಂಬ ಹೆಸರು.

ಇಷ್ಟು ಹೇಳಿ ಎಣಿಸುವವನ ಪರ ತೀರ್ಪು ಕೊಡಬಹುದಿತ್ತು. ಅಡ್ಡ ಬರುವವನು ಧರ್ಮರಾಯ. ನಳನ ಕಥೆ ಹೇಳಿದ ಬೃಹದಶ್ವ ಮುನಿ ಕೊನೆಯಲ್ಲಿ ಅಕ್ಷಹೃದಯವನ್ನು ಅವನಿಗೂ ಕೊಡುತ್ತಾನೆ. ಮುಂದೆ ಅವನು ಕಂಕಭಟ್ಟನ ವೇಷದಲ್ಲಿ ವಿರಾಟನ ಅರಮನೆ ಸೇರಿ, ಆ ವಿದ್ಯೆ ಅರಿಯದವರೊಂದಿಗೆ ಮನಬಂದಂತೆ ಆಡಿ, ಗೆದ್ದದ್ದನ್ನು ವಿರಾಟನಿಗೆ ಗೊತ್ತಾಗದಂತೆ ತಮ್ಮಂದಿರಿಗೆ ಹಂಚುತ್ತಾನೆ. ಆಶ್ರಯ ಕೊಟ್ಟವನ ಮನೆಯಲ್ಲಿ!

ಪ್ರಶ್ನೋತ್ತರಕ್ಕೆ ಮೊದಲು ನನ್ನವೇ ಪ್ರಶ್ನೆಗಳು. ಸಭಾಪರ್ವದಲ್ಲಿ ಶಕುನಿಯ ಮಾತು ಒಪ್ಪದ ಧರ್ಮರಾಯ ವಿರಾಟಪರ್ವದಲ್ಲಿ ಅದನ್ನು ಒಪ್ಪಿದಂತಾಯಿತೆ? ಕ್ಯಾಸಿನೋವನ್ನು ಸೋಲಿಸಿದವನಿಗೆ ಚಪ್ಪಾಳೆ ತಟ್ಟುವ ನಾನು, ಅದೇ ಲೆಕ್ಕ ಬಲ್ಲವನೊಬ್ಬ ಲೆಕ್ಕ ಬಾರದ ನೆರೆಯವನ ಸಂಬಳ ಗೆದ್ದರೆ ತಟ್ಟುತ್ತೇನೆಯೆ? ತಟ್ಟುವುದಿಲ್ಲ ಎಂದಾದರೆ, ನಾನು ಇಷ್ಟು ಹೊತ್ತು ಸಮರ್ಥಿಸಿದ್ದು ವಿದ್ಯೆಯನ್ನೋ, ಸೋತವನು ಶ್ರೀಮಂತ ಎಂಬ ಸಮಾಧಾನವನ್ನೋ?